ಸೆಷನ್ಸ್ ವಾರ

ಹಸಿ ತೆಂಗಿನ ಮಟ್ಟೆಗೆ ಬೆಂಕಿ ಇಟ್ಟರೆ ಅದು ಉರಿಯುವುದಿಲ್ಲ, ದಿನವಿಡೀ ಹೊಗೆಯಾಡುತ್ತದೆ. ಕಳೆದ ತಿಂಗಳು ಕಚೇರಿ ಕೆಲಸದ ಮೇಲೆ ಅರಸೀಕೆರೆಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಿಂದ ನಡೆದು ಹೋಗುವಾಗ ಯಾವುದೋ ಕೊಬ್ಬರಿ ಮಂಡಿಯ ಹಿತ್ತಲಿನಿಂದ ಆ ಹೊಗೆ ಬಂತು. ಜಿನುಗು ಮಳೆಯಲ್ಲಿ ಮೇಲೆ ಏರಲಾರದೆ ರಸ್ತೆಯ ಮೇಲೇ ಹರಡಿಕೊಂಡಿತ್ತು. ಕಣ್ಣು ಉರಿಯಿತು. ಸೆರಗು ಮೂಗಿಗೆ ಹಿಡಿದು ಅಲ್ಲೇ ಒಂದು ಅಂಗಡಿಯ ಮರೆಗೆ ನಿಂತೆ. ನಿಂತ ಕೂಡಲೇ ದ್ಯಾವಮ್ಮಜ್ಜಿ ನೆನಪಾದಳು. ಅವಳ ಸೀರೆಗೆ ಯಾವಾಗಲೂ ಇದೇ ವಾಸನೆ ಇರುತ್ತಿತ್ತು.

ಅವಳ ಪರಿಚಯವಾದ ವರ್ಷ ನಾನು ಅರಸೀಕೆರೆಯ ಕೋರ್ಟಿನಲ್ಲಿ ಬೆರಳಚ್ಚುಗಾರ್ತಿ. ನಮ್ಮ ಮನೆಯವರಿಗೆ ಬೇಲೂರಿನ ಶಾಲೆಯಲ್ಲಿ ಕೆಲಸ. ಇಬ್ಬರಿಗೂ ಅನುಕೂಲವಾಗಲಿ ಎಂದು ನಡುವೆ ಹಳೇಬೀಡಿನಲ್ಲಿ ಮನೆ ಮಾಡಿದ್ದೆವು. ಬೆಳಿಗ್ಗೆ ಅವರು ಒಂದು ದಿಕ್ಕಿಗೆ, ನಾನು ಇನ್ನೊಂದು ದಿಕ್ಕಿಗೆ. ಸೆಷನ್ಸ್ ನ್ಯಾಯಾಧೀಶರು ಕೂರುತ್ತಿದ್ದುದು ಜಿಲ್ಲಾ ಕೇಂದ್ರದಲ್ಲಿ. ಕೊಲೆ, ಸುಲಿಗೆಯಂಥ ದೊಡ್ಡ ಕೇಸುಗಳಿಗಾಗಿ ತಿಂಗಳಿಗೊಂದು ವಾರ ಅವರು ನಮ್ಮಲ್ಲಿಗೆ ಬರುತ್ತಿದ್ದರು. ಆ ವಾರಕ್ಕೆ ಊರಿನವರೆಲ್ಲ ಸೆಷನ್ಸ್ ವಾರ ಅನ್ನುತ್ತಿದ್ದರು. ಎದುರಿನ ಹೋಟೆಲಿನವನು ಕೂಡ ಆ ವಾರ ಹಿಟ್ಟು ಹೆಚ್ಚು ರುಬ್ಬಿಸುತ್ತಿದ್ದ. ಯಾವ ತಿಂಗಳು ಯಾವ ವಾರ ಎಂದು ಬಾಗಿಲ ಪಕ್ಕದ ಬೋರ್ಡಿನಲ್ಲಿ ಅಂಟಿಸುತ್ತಿದ್ದೆವು. ನಮಗೆ ಅದು ಬರೀ ಕಾಗದ. ಸುತ್ತಲಿನ ಹಳ್ಳಿಗಳಲ್ಲಿ ಮದುವೆ, ಬಾಣಂತನ, ನಾಟಿ ಎಲ್ಲವನ್ನೂ ಅದನ್ನು ನೋಡಿಕೊಂಡು ಹಿಂದೆ ಮುಂದೆ ಮಾಡುವ ಜನ ಇದ್ದಾರೆ ಎಂಬುದು ನನಗೆ ತಿಳಿದದ್ದು ಆ ವರ್ಷ.

ಬೇಸಿಗೆ ರಜೆ ಮುಗಿದು ಮೊದಲ ಸೆಷನ್ಸ್ ವಾರ. ಹಳೇಬೀಡಿನಲ್ಲಿ ಬೆಳಗಿನಿಂದ ಸೋನೆ. ನನಗೆ ಆಗ ಎರಡನೇ ತಿಂಗಳು, ಇನ್ನೂ ಯಾರಿಗೂ ಹೇಳಿರಲಿಲ್ಲ. ಬಸ್ಸಿನ ಕಿಟಕಿಗಳೆಲ್ಲ ಮುಚ್ಚಿ, ಒದ್ದೆ ಛತ್ರಿ, ಡೀಸೆಲ್ಲು, ಯಾರದೋ ಮೀನಿನ ಬುಟ್ಟಿ ಎಲ್ಲ ಸೇರಿ ಜಾವಗಲ್ಲಿಗೆ ಮುಂಚೆಯೇ ಹೊಟ್ಟೆ ತೊಳಸಿತು. ಕಿಟಕಿ ತೆಗೆದು ಕತ್ತು ಹೊರಗೆ ಹಾಕಿ ವಾಂತಿ ಮಾಡಿಕೊಂಡೆ. ಹಿಂದಿನಿಂದ ಒಂದು ಕೈ ನನ್ನ ಹಣೆ ಹಿಡಿದುಕೊಂಡಿತು, ಇನ್ನೊಂದು ಬೆನ್ನು ನೀವಿತು.

"ಎಷ್ಟು ತಿಂಗ್ಳವ್ವಾ?"

ತಿರುಗಿ ನೋಡಿದರೆ ಒಣಕಲು ಮೈಯ ಒಬ್ಬ ಅಜ್ಜಿ. ಉತ್ತರಕ್ಕೂ ಕಾಯದೆ ಸೊಂಟದ ಚೀಲದಿಂದ ಒಂದು ಚೂರು ಒಣ ನೆಲ್ಲಿಕಾಯಿ ತೆಗೆದು ನನ್ನ ಬಾಯಿಗಿಟ್ಟಳು. "ಅಗೀಬ್ಯಾಡ, ದವಡೇಲಿ ಇಟ್ಕ" ಅಂದಳು. ಇಳಿಯುವವರೆಗೂ ನನ್ನ ಪಕ್ಕದಲ್ಲೇ ಕುಳಿತಿದ್ದಳು. ಮಾದಿಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದೇನೆ ಅಂದಳು. ಸ್ವಂತ ಊರು ಕಣಕಟ್ಟೆ ಕಡೆ, ಅಲ್ಲಿ ತೋಟ ಐತೆ, ನೋಡೋರಿಲ್ಲ ಅಂದಳು. ಅರಸೀಕೆರೆಯಲ್ಲಿ ಏನು ಕೆಲಸ ಎಂದು ಕೇಳಿದೆ. ಕಿಟಕಿಯ ಕಡೆ ನೋಡುತ್ತ "ಅಂಗೇ, ಒಸಿ ಕೆಲ್ಸ" ಅಂದಳು.

ಹನ್ನೊಂದು ಗಂಟೆಗೆ ನಾನು ನನ್ನ ಕಂಪ್ಯೂಟರಿನ ಮುಂದೆ ಕುಳಿತು ಬಾಗಿಲ ಕಡೆ ನೋಡಿದರೆ ಅದೇ ಅಜ್ಜಿ ಜಗುಲಿಯ ಕಂಬಕ್ಕೆ ಒರಗಿ ಕುಳಿತಿದ್ದಳು. ಆರೋಪಿಗಳನ್ನು ಕರೆತರುವ ಪೊಲೀಸ್ ವ್ಯಾನು ಅಲ್ಲಿಂದ ನೇರ ಕಾಣುತ್ತಿತ್ತು.

ಅವಳ ಕೇಸು ಏನೆಂದು ನನಗೆ ಆ ದಿನವೇ ತಿಳಿಯಿತು. ತಿಳಿಯದೇ ಇರಲು ಸಾಧ್ಯವಿರಲಿಲ್ಲ, ದೋಷಾರೋಪ ಟೈಪ್ ಮಾಡಿದವಳೇ ನಾನು. ದ್ಯಾವಮ್ಮನಿಗೆ ಇಬ್ಬರು ಗಂಡುಮಕ್ಕಳು, ರಂಗಸ್ವಾಮಿ ಮತ್ತು ಲೋಕೇಶ. ಒಂದು ಸಂಜೆ ತೋಟದಲ್ಲಿ ಅಣ್ಣತಮ್ಮಂದಿರಿಗೆ ಜಗಳವಾಯಿತು. ಅಣ್ಣ ತಮ್ಮನನ್ನು ತಳ್ಳಿದ. ತಮ್ಮ ಹಿಂದಕ್ಕೆ ಬಿದ್ದದ್ದು ತೆಂಗಿನಕಾಯಿ ಸುಲಿಯಲು ನೆಲಕ್ಕೆ ನೆಟ್ಟಿದ್ದ ಹಾರೆಯ ಮೇಲೆ. ಆಸ್ಪತ್ರೆಗೆ ಸಾಗಿಸುವ ಮೊದಲೇ ಜೀವ ಹೋಗಿತ್ತು. ಅಣ್ಣ ಬೇಕೆಂದೇ ಹಾರೆಯ ಮೇಲೆ ತಳ್ಳಿ ಕೊಂದ ಎನ್ನುವುದು ಆರೋಪ. ತೋಟದಲ್ಲಿ ಆಗ ಇದ್ದ ಮೂರನೆಯವಳು ತಾಯಿ ಒಬ್ಬಳೇ. ಸತ್ತವನ ತಾಯಿ, ಕೊಂದವನ ತಾಯಿ, ಕಂಡ ಸಾಕ್ಷಿ, ಮೂರೂ ಅವಳೇ.

ಆ ವಾರ ಬೇರೊಂದು ಹಳೆಯ ಕೇಸಿನ ವಾದವೇ ಎಲ್ಲ ದಿನಗಳನ್ನೂ ನುಂಗಿತು. ಅಜ್ಜಿ ಪ್ರತಿದಿನ ಬಂದಳು, ಪ್ರತಿದಿನ ಕಂಬಕ್ಕೆ ಒರಗಿ ಕುಳಿತಳು. ಕೊನೆಯ ದಿನ ಸಂಜೆ ಬೆಂಚ್ ಕ್ಲರ್ಕು ಹೊರಗೆ ಬಂದು, "ಅಮ್ಮ, ನಿಮ್ಮದು ಮುಂದಿನ ತಿಂಗಳಿಗೆ ಹೋಯ್ತು" ಅಂದರು.

"ಇವತ್ತೇ ಹೇಳ್ಬುಟ್ಟು ಹೋಯ್ತೀನಿ ಸ್ವಾಮಿ. ಜಾಸ್ತಿ ಹೊತ್ತು ಹಿಡಿಯಾಕಿಲ್ಲ" ಅಂದಳು ಅಜ್ಜಿ.

"ಹಾಗೆಲ್ಲ ಆಗಲ್ಲಮ್ಮ. ಸಾಹೇಬರು ಎದ್ದರು."

ಮುಂದಿನ ತಿಂಗಳು ಆ ಸಾಹೇಬರಿಗೆ ವರ್ಗವಾಯಿತು. ಅವರ ಜಾಗಕ್ಕೆ ಯಾರೂ ಬರುವ ತನಕ ಪ್ರಭಾರದ ಮೇಲೆ ಇನ್ನೊಬ್ಬರು. ಅವರಿಗೆ ತಮ್ಮದೇ ಕೆಲಸ ರಾಶಿ ಇತ್ತು. ಒಂದೆರಡು ದಿನ ಬಂದು, ಕೇಸುಗಳನ್ನು ಕರೆದು, ಮುಂದಿನ ತಾರೀಖು ಕೊಟ್ಟು ಹೊರಡುತ್ತಿದ್ದರು. ತಾನು ಇಲ್ಲಿ ನಿಲ್ಲುವವನಲ್ಲ, ಅರ್ಧ ಸಾಕ್ಷಿ ತೆಗೆದು ಬಿಟ್ಟರೆ ಮುಂದೆ ಬರುವವರಿಗೆ ತೊಡಕು ಎನ್ನುವುದು ಅವರ ಮಾತು. ಅದೂ ಸುಳ್ಳಲ್ಲ. ಆ ತಿಂಗಳು ವ್ಯಾನೂ ಬರಲಿಲ್ಲ. ರಂಗಸ್ವಾಮಿಯನ್ನು ಜೈಲಿನಿಂದಲೇ ಗೋಡೆಯ ಪರದೆಯಲ್ಲಿ ತೋರಿಸಿದರು. ಅಜ್ಜಿ ಬಾಗಿಲಲ್ಲಿ ನಿಂತು ಆ ಪರದೆಯ ಕಡೆ ನೋಡಿದಳು. ದೃಷ್ಟಿ ಮಂದವಾಗಿತ್ತೋ ಏನೋ, ಪಕ್ಕದವರನ್ನು "ಅದ್ರಲ್ಲಿರೋನು ನಮ್ ರಂಗನೇನಾ?" ಎಂದು ಕೇಳಿದಳು. ಅವರು ಹೌದು ಅನ್ನುವಷ್ಟರಲ್ಲಿ ಚಿತ್ರ ಹೋಗಿತ್ತು.

ಅಲ್ಲಿಗೆ ನನಗೆ ಒಂದು ಸಂಗತಿ ಅರ್ಥವಾಯಿತು. ಕೋರ್ಟು ನಡೆದರೆ ಅವಳು ಬಾಯಿ ಬಿಡಬೇಕು. ನಡೆಯದಿದ್ದರೆ ಮಗನ ಮುಖ ಕಾಣುವುದಿಲ್ಲ. ಜೈಲಿಗೆ ಅವಳು ಒಮ್ಮೆಯೂ ಹೋಗಿರಲಿಲ್ಲ. ಮಗಳು ಜಯಮ್ಮ ಕರೆದುಕೊಂಡು ಹೋಗುತ್ತೇನೆ ಅಂದರೂ ಬರುವುದಿಲ್ಲ ಅನ್ನುತ್ತಿದ್ದಳಂತೆ.

ಮಳೆಗಾಲ ಪೂರ್ತಿ ನಾವು ಒಂದೇ ಬಸ್ಸಿನಲ್ಲಿ ಹೋಗಿ ಬಂದೆವು. ಅವಳು ಮಾದಿಹಳ್ಳಿಯಿಂದ ಒಂದು ಬಸ್ಸು ಹಿಡಿದು ಹಳೇಬೀಡಿಗೆ ಬಂದು ನನಗಾಗಿ ಕಾಯುತ್ತಿದ್ದಳು. ಸೆಷನ್ಸ್ ವಾರದಲ್ಲಿ ಮಾತ್ರ. ಕೇಸಿನ ಬಗ್ಗೆ ಅವಳೂ ಆಡಲಿಲ್ಲ, ನಾನೂ ಕೇಳಲಿಲ್ಲ. ನನ್ನ ಹೊಟ್ಟೆಯದೇ ಮಾತು. ಹುಳಿ ಬೇಕೆನಿಸುತ್ತಾ, ಸಿಹಿ ಬೇಕೆನಿಸುತ್ತಾ, ಯಾವ ಮಗ್ಗುಲಿಗೆ ಮಲಗುತ್ತೀಯ. ಒಂದು ದಿನ ಕರಿದ ಕೋಡುಬಳೆ ತಂದಿದ್ದಳು. ಜಾವಗಲ್ಲು ದಾಟಿದ ಮೇಲೆ ಮಳೆ ಹಿಂದೆ ಉಳಿಯುತ್ತಿತ್ತು. ಮೋಡ ಮಾತ್ರ ಮುಂದಕ್ಕೂ ಬರುತ್ತಿತ್ತು. ಎರಡೂ ಕಡೆ ತೆಂಗಿನ ತೋಟಗಳು ಶುರುವಾದ ಕೂಡಲೇ ಅವಳು ಮಾತು ನಿಲ್ಲಿಸಿ ಮಡಿಲಲ್ಲಿ ಕೈ ಇಟ್ಟುಕೊಂಡು ಕೂರುತ್ತಿದ್ದಳು. ತಲೆ ಎತ್ತುತ್ತಿರಲಿಲ್ಲ.

ಒಮ್ಮೆ ಅಲ್ಲಿಯೇ, ತೋಟಗಳ ನಡುವೆ, ಇದ್ದಕ್ಕಿದ್ದಂತೆ ಕೇಳಿದಳು.

"ಕೋರ್ಟಲ್ಲಿ ನಾ ಹೇಳಿದ್ನ ಬರೆಯೋಳು ನೀನೇ ಅಲ್ವೇನವ್ವಾ?"

"ಹೌದಜ್ಜಿ."

"ಹೇಳಿದ್ದೆಲ್ಲಾನೂ ಬರೀತೀಯಾ?"

"ನೀವು ಹೇಳಿದ್ದನ್ನ ಕೇಳಿ ಸಾಹೇಬರು ಹೇಳ್ತಾರೆ. ಅವರು ಹೇಳಿದ್ದನ್ನ ನಾನು ಬರೀತೀನಿ."

"ಅಂಗಾರೆ ನಾ ಹೇಳಿದ್ದಲ್ವಾ?"

"ನೀವು ಹೇಳಿದ್ದೇ ಅಜ್ಜಿ. ಬೇಕಿಲ್ಲದ್ದು ಬಿಟ್ಟು ಬರೆಸ್ತಾರೆ ಅಷ್ಟೆ."

"ಯಾವ್ದು ಬ್ಯಾಡ ಅಂತ ಅವ್ರಿಗೆಂಗೆ ಗೊತ್ತಾಯ್ತದೆ?" ಅಂದಳು.

ಆ ಸಂಜೆಯೇ ಶಿರಸ್ತೇದಾರರು ನನ್ನನ್ನು ಕರೆದರು. ನಿವೃತ್ತಿಗೆ ಹತ್ತಿರದ ಮನುಷ್ಯ, ಗದರಿದವರಲ್ಲ. "ಆ ಸಾಕ್ಷಿ ಅಜ್ಜಿ ಜೊತೆ ಒಂದೇ ಸೀಟಲ್ಲಿ ಬರ್ತೀಯಂತೆ. ಬೇಡ ಕಣಮ್ಮ. ನಾಳೆ ಯಾರಾದರೂ ವಕೀಲರು, ಕೋರ್ಟಿನವರೇ ಹೇಳಿಕೊಟ್ಟರು ಅಂತ ಎದ್ದು ನಿಂತ್ರೆ ಆ ಯಮ್ಮನ ಸಾಕ್ಷಿಯೇ ಕೆಡುತ್ತೆ" ಅಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಮರುದಿನ ಬಸ್ಸು ಹತ್ತುವ ಮೊದಲೇ ಅಜ್ಜಿಗೆ ಹೇಳಿದೆ. ಅವಳು ಕೇಳಿಕೊಂಡು ತಲೆಯಾಡಿಸಿದಳು. "ಸರಿ ಕಣವ್ವ. ನೀ ಮುಂದ್ಕೆ ಕುಂತ್ಕ. ಹಿಂದ್ಗಡೆ ಸೀಟು ಎತ್ತಾಕ್ತದೆ, ಬಸುರಿಗಾಗಲ್ಲ" ಎಂದು ತಾನೇ ಹಿಂದಕ್ಕೆ ಹೋದಳು. ಆಮೇಲೆ ಬಸ್ಸಿನ ಎರಡು ತುದಿಗಳಲ್ಲಿ ನಾವಿಬ್ಬರು. ಗುಂಡಿ ಬಿದ್ದ ಕಡೆಯೆಲ್ಲ ನನಗೆ ಅವಳ ನೋಯುವ ಮಂಡಿ ನೆನಪಾಗುತ್ತಿತ್ತು.

ಮುಂದಿನ ಸೆಷನ್ಸ್ ವಾರ ಶುರುವಾಗುವ ಹೊತ್ತಿಗೆ ಊರಿನ ಹಿರಿಯ ವಕೀಲರೊಬ್ಬರು ತೀರಿಹೋದರು. ಗೌರವಕ್ಕೆಂದು ವಕೀಲರು ಕಲಾಪದಿಂದ ಹೊರಗುಳಿದರು. ಅದರ ಬೆನ್ನಿಗೇ ಗಣಪತಿ ಹಬ್ಬ, ಆಮೇಲೆ ದಸರಾ ರಜೆ. ಬೋರ್ಡಿನ ಮೇಲೆ ಹಳೆಯ ಕಾಗದದ ಮೇಲೆ ಹೊಸ ಕಾಗದ, ಅದರ ಮೇಲೆ ಮತ್ತೊಂದು. ಪ್ರತಿಯೊಂದಕ್ಕೂ ಕಾರಣ ಇತ್ತು. ಬೈಯೋಣ ಎಂದರೆ ಯಾರನ್ನು ಬೈಯುವುದು?

ಆದರೆ ದಿನ ಮುಂದೆ ಹೋದಷ್ಟೂ ಅಜ್ಜಿಯ ಸುತ್ತ ಜನ ಹೆಚ್ಚಾದರು. ಜಗುಲಿಯಲ್ಲಿ ಒಂದು ಕಡೆಯಿಂದ ಜಯಮ್ಮ ಬಂದು ಪಕ್ಕದಲ್ಲಿ ಕೂರುತ್ತಿದ್ದಳು. "ಹೋದೋನು ಹೋದ. ಇರೋನ್ನಾದ್ರೂ ಉಳಿಸ್ಕಳವ್ವ. ನಾ ಏನೂ ನೋಡ್ಲಿಲ್ಲ ಅನ್ನು, ಮುಗೀತು" ಎನ್ನುವುದು ಕಿಟಕಿಯಿಂದ ನನಗೆ ಕೇಳುತ್ತಿತ್ತು. ಅವಳು ಎದ್ದು ಹೋದ ಮೇಲೆ ಲೋಕೇಶನ ಹೆಂಡತಿ ಶೋಭಾ ಬರುತ್ತಿದ್ದಳು. ಕಂಕುಳಲ್ಲಿ ಇನ್ನೂ ಮಾತು ಬಾರದ ಹೆಣ್ಣುಮಗು. ಅವಳು ಹೆಚ್ಚು ಮಾತಾಡುತ್ತಿರಲಿಲ್ಲ. ಮಗುವನ್ನು ಅಜ್ಜಿಯ ತೊಡೆಯ ಮೇಲೆ ಕೂರಿಸಿ, "ಅತ್ತೆ, ನಿಮ್ ಬಾಯಲ್ಲಿ ಸುಳ್ಳು ಬಂದ್ರೆ ಇದ್ರ ಮುಖ ನೀವು ನೋಡಂಗಿಲ್ಲ" ಅನ್ನುತ್ತಿದ್ದಳು. ಅಜ್ಜಿ ಇಬ್ಬರಿಗೂ "ಊಂ" ಅನ್ನುತ್ತಿದ್ದಳು. ಜೂನ್ ತಿಂಗಳಲ್ಲಿ "ಇವತ್ತೇ ಹೇಳ್ಬುಟ್ಟು ಹೋಯ್ತೀನಿ" ಎಂದಿದ್ದವಳ ಬೆನ್ನು ದೀಪಾವಳಿಯ ಹೊತ್ತಿಗೆ ಬಾಗಿಹೋಗಿತ್ತು. ತೋಟ ಪಾಳು ಬಿದ್ದು ಸೋಗೆ ಬಿದ್ದಲ್ಲೇ ಕೊಳೆಯುತ್ತಿದೆ ಎಂದು ಯಾರೋ ಹೇಳಿದರು. ರಂಗಸ್ವಾಮಿಯ ಹೆಂಡತಿ ತವರಿಗೆ ಹೋದವಳು ತಿರುಗಿ ಬಂದಿರಲಿಲ್ಲ.

ಹೊಲಗಳಲ್ಲಿ ರಾಗಿ ತೆನೆ ಬಾಗುವ ಕಾಲಕ್ಕೆ ಹೊಸ ಸೆಷನ್ಸ್ ನ್ಯಾಯಾಧೀಶರು ಬಂದರು. ಹೆಂಗಸು. ಸಣ್ಣ ದನಿ, ಮುಖದಲ್ಲಿ ನಗು ಕಡಿಮೆ. ಮೊದಲ ದಿನವೇ ಜೈಲಿನಲ್ಲಿರುವವರ ಕೇಸುಗಳನ್ನೆಲ್ಲ ಹೊರಗೆ ತೆಗೆಸಿ, ಡಿಸೆಂಬರ್ ವಾರದಲ್ಲಿ ದಿನವಹಿ ವಿಚಾರಣೆ ಎಂದು ಬರೆಸಿದರು. ನಾನು ಬೋರ್ಡಿಗೆ ಕಾಗದ ಅಂಟಿಸುತ್ತಿದ್ದಾಗ ಅಜ್ಜಿ ಹಿಂದೆ ಬಂದು ನಿಂತಳು.

"ಈ ಸಲ ತಪ್ಪಾಕಿಲ್ವಾ?"

"ತಪ್ಪಲ್ಲ ಅನ್ಸುತ್ತೆ ಅಜ್ಜಿ."

ಅವಳು ನನ್ನ ಹೊಟ್ಟೆ ನೋಡಿದಳು. "ಅಷ್ಟೊತ್ಗೆ ನೀನಿರ್ತೀಯಾ?"

ವೈದ್ಯರು ಆಗಲೇ ರಜೆ ಹಾಕು ಎಂದಿದ್ದರು. ಆ ವಾರ ಮುಗಿಸಿಕೊಂಡು ಹಾಕುತ್ತೇನೆ ಎಂದು ಮನೆಯಲ್ಲಿ ಹಟ ಮಾಡಿದ್ದೆ. "ಇರ್ತೀನಿ" ಅಂದೆ.

ಡಿಸೆಂಬರಿನ ಆ ಬೆಳಿಗ್ಗೆ ಹಳೇಬೀಡಿನ ಕೆರೆಯ ಮೇಲೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಬಸ್ಸು ದೀಪ ಹಾಕಿಕೊಂಡು ಬಂತು. ಹಿಂದಿನ ಸೀಟಿನಲ್ಲಿ ಅಜ್ಜಿ, ಎರಡೂ ಪಕ್ಕ ಮಗಳು ಮತ್ತು ಅಳಿಯ. ಶೋಭಾ ಆಗಲೇ ಕೋರ್ಟಿನಲ್ಲಿದ್ದಳು. ವ್ಯಾನು ಬಂತು. ರಂಗಸ್ವಾಮಿ ಇಳಿದ. ಸಣಕಲಾಗಿದ್ದ, ಗಡ್ಡ ಬಿಟ್ಟಿದ್ದ. ತಾಯಿಯ ಎದುರೇ ಹಾದು ಹೋದರೂ ತಲೆ ಎತ್ತಲಿಲ್ಲ. ಆರೋಪಿಯ ಕಟಕಟೆಯಲ್ಲೂ ಹಾಗೆಯೇ ನಿಂತ. ವರ್ಷವಿಡೀ ಅವನ ಬಾಯಿಂದ ನಾನು ಕೇಳಿದ್ದು "ನಾನು ಮಾಡಿದ್ದೇನೆ ಎನ್ನುವುದು ಸರಿಯಲ್ಲ" ಎಂದು ವಕೀಲರು ಹೇಳಿಕೊಟ್ಟ ಒಂದು ಮಾತು ಮಾತ್ರ.

ಅಜ್ಜಿ ಸಾಕ್ಷಿ ಕಟಕಟೆ ಹತ್ತಿದಳು. ನ್ಯಾಯಾಧೀಶರು ಕುರ್ಚಿ ಹಾಕಿಸಿದರು, ಅವಳು ಕೂರಲಿಲ್ಲ. ಪ್ರಮಾಣ ಮಾಡಿಸಿದರು. ಸರ್ಕಾರಿ ವಕೀಲರು ಕೇಳುತ್ತಾ ಹೋದರು. ಹೆಸರು, ಊರು, ಮಕ್ಕಳು. ನ್ಯಾಯಾಧೀಶರು ಒಂದೊಂದೇ ವಾಕ್ಯ ಹೇಳಿ ನನ್ನಿಂದ ಟೈಪ್ ಮಾಡಿಸಿದರು. ಸಾಕ್ಷಿಯ ಹೇಳಿಕೆಯನ್ನು ಸಾಕ್ಷಿಯ ಬಾಯಲ್ಲೇ ಬರೆಯುವುದು ರೂಢಿ. 'ಆರೋಪಿ ನನ್ನ ಹಿರಿಯ ಮಗ. ಮೃತನು ನನ್ನ ಕಿರಿಯ ಮಗ.'

"ಆ ದಿನ ಏನಾಯ್ತು ಹೇಳಿ" ಎಂದರು ವಕೀಲರು.

"ಲೋಕಿ ಕುಡ್ಕಂಡು ಬಂದಿದ್ದ. ಬೋರು ನೀರು ನಂಗೂ ಬಿಡು ಅಂತ ಅಣ್ಣನ ಮೇಲೆ ಕೂಗಾಡ್ದ. ಇವನು ಮಾತಾಡ್ಲಿಲ್ಲ, ಕಾಯಿ ಸುಲೀತಿದ್ದ. ಆಮೇಲೆ ಲೋಕಿ ನನ್ ಕಡೆ ತಿರುಗ್ದ. ಅನ್ನಬಾರದ ಮಾತು ಅಂದ. ಹೆತ್ತೋಳಿಗೆ ಅನ್ನೋ ಮಾತಲ್ಲ ಅದು."

"ಆಮೇಲೆ?"

"ಆಮೇಲೆ ನಾ ಅಂದೆ." ಅಜ್ಜಿ ಕಟಕಟೆಯ ಕಂಬಿ ಹಿಡಿದುಕೊಂಡಳು. "ರಂಗಾ, ತಳ್ಳಲಾ ಇವನ್ನ ಆಚೆಗೆ, ಅಂದೆ. ತಳ್ಳಲಾ, ತಳ್ಳಲಾ, ಅಂತ ಕೂಗ್ದೆ. ಇವನು ಎದ್ದು ತಳ್ದ. ಲೋಕಿ ಹಾರೆ ಮೇಲೆ ಬಿದ್ದ."

ಕಟಕಟೆಯಲ್ಲಿದ್ದ ರಂಗಸ್ವಾಮಿ ತಲೆ ಎತ್ತಿದ.

"ಅವ್ವಾ" ಅಂದ. "ಯಾಕವ್ವಾ ಹೇಳ್ದೆ? ನಾ ಹೇಳಿರ್ಲಿಲ್ವಲ್ಲವ್ವಾ ಯಾರಿಗೂ."

ಪೊಲೀಸರು ಅವನ ತೋಳು ಹಿಡಿದರು. ನ್ಯಾಯಾಧೀಶರು ಕೈ ಎತ್ತಿ ಸುಮ್ಮನಿರಲು ಹೇಳಿದರು. ಅವನ ವಕೀಲರೇ ಬೆಪ್ಪಾಗಿ ನಿಂತಿದ್ದರು. ಕಕ್ಷಿದಾರ ತಮಗೂ ಹೇಳಿರದ ಸಂಗತಿ ಅದು. ಹೇಳಿದ್ದರೆ ಅವನಿಗೇ ಒಳ್ಳೆಯದಿತ್ತು. ತಾಯಿಯ ಹೆಸರು ಬರಬಾರದೆಂದು ಅಷ್ಟು ತಿಂಗಳು ಕೊಲೆಯ ಆರೋಪ ಹೊತ್ತು ಬಾಯಿ ಮುಚ್ಚಿಕೊಂಡಿದ್ದ.

ನ್ಯಾಯಾಧೀಶರು ನನ್ನ ಕಡೆ ತಿರುಗಿ ನಿಧಾನವಾಗಿ ಹೇಳಿದರು. ನಾನು ಟೈಪ್ ಮಾಡಿದೆ. 'ಅವನನ್ನು ಆಚೆಗೆ ತಳ್ಳು ಎಂದು ನಾನೇ ಆರೋಪಿಗೆ ಕೂಗಿ ಹೇಳಿದೆ.' ಒಳಗೆ ಮಗು ಒದೆಯಿತು. ಅಕ್ಷರ ತಪ್ಪಿತು, ಅಳಿಸಿ ಮತ್ತೆ ಬರೆದೆ.

ಸರ್ಕಾರಿ ವಕೀಲರಿಗೆ ಇದು ಒಪ್ಪಿತವಾಗಲಿಲ್ಲ. ಪೊಲೀಸರ ಮುಂದೆ ಹೇಳಿರದ ಮಾತು ಈಗ ಬಂದಿದೆ, ಸಾಕ್ಷಿ ಪ್ರತಿಕೂಲವಾಗಿದ್ದಾರೆ ಎಂದು ಅನುಮತಿ ಪಡೆದು ತಾವೇ ಪಾಟೀ ಸವಾಲಿಗೆ ನಿಂತರು.

"ಇದನ್ನ ಪೊಲೀಸರಿಗೆ ಯಾಕೆ ಹೇಳಲಿಲ್ಲ?"

"ಯಾರು ತಳ್ಳಿದ್ರು ಅಂತ ಕೇಳಿದ್ರು. ಹೇಳ್ದೆ. ಯಾರು ತಳ್ಳಿಸಿದ್ರು ಅಂತ ಕೇಳ್ಲಿಲ್ಲ."

"ಉಳಿದ ಮಗನನ್ನ ಬಿಡಿಸಿಕೊಳ್ಳೋಕೆ ಈಗ ಕಥೆ ಕಟ್ಟಿ ಹೇಳ್ತಿದ್ದೀರಿ."

"ಬಿಡಿಸ್ಕಳೋದಾಗಿದ್ರೆ ಅವನು ತಳ್ಳಲೇ ಇಲ್ಲ ಅಂತಿದ್ದೆ ಸ್ವಾಮಿ. ತಳ್ದ. ನಾ ಹೇಳಿದ್ಕೆ ತಳ್ದ."

ಅದಾದ ಮೇಲೆ ಅವರು ಬಹಳ ಕೇಳಲಿಲ್ಲ. ಮರುದಿನ ಆರೋಪಿಯ ವಕೀಲರು ಒಂದೆರಡು ಪ್ರಶ್ನೆ ಕೇಳಿ ಕುಳಿತರು. ಟೈಪ್ ಮಾಡಿದ್ದನ್ನು ಅವಳಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದಳು. "ಎಲ್ಲಾ ಬರೆದಿದ್ದೀಯವ್ವ" ಎಂದು ಹೆಬ್ಬೆಟ್ಟು ಒತ್ತಿದಳು. ನ್ಯಾಯಾಧೀಶರು, "ನಿಮ್ಮ ಕೆಲಸ ಮುಗೀತಮ್ಮ. ಇನ್ನು ನೀವು ಬರಬೇಕಾಗಿಲ್ಲ" ಅಂದರು.

ಅಜ್ಜಿ ಕಟಕಟೆಯಿಂದ ಇಳಿಯಲಿಲ್ಲ. "ಅಂಗಾರೆ ನಂದು ಯಾವತ್ತು ತಾಯೀ?" ಅಂದಳು.

"ನಿಮ್ಮದು ಅಂದ್ರೆ?"

"ನನ್ ಮೇಲಿಂದು. ನಾ ಹೇಳಿದ್ಕೇ ತಾನೇ ಆಗಿದ್ದು."

ನ್ಯಾಯಾಧೀಶರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿಮ್ಮ ಮೇಲೆ ಯಾವ ಕೇಸೂ ಇಲ್ಲಮ್ಮ. ನೀವು ಆಚೆ ಕಳಿಸು ಅಂದಿರಿ. ಸಾಯಿಸು ಅನ್ನಲಿಲ್ಲ. ಮನೆಗೆ ಹೋಗಿ" ಅಂದರು. ಆ ದನಿಯಲ್ಲಿ ಕರುಣೆ ಇತ್ತು. ಅಜ್ಜಿಗೆ ಅದು ಬೇಕಿರಲಿಲ್ಲವೆಂದು ನನಗೆ ಕಾಣಿಸಿತು. ಅಟೆಂಡರ್ ಕೈ ಹಿಡಿದು ಇಳಿಸಿದ.

ಹೊರಗೆ ಜಗುಲಿಯಲ್ಲಿ ಶೋಭಾ ನಿಂತಿದ್ದಳು. ಅಜ್ಜಿ ಮಗುವಿನ ಕಡೆ ಕೈ ಚಾಚಿದಳು. ಶೋಭಾ ಮಗುವನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ಗೇಟಿನ ಕಡೆ ನಡೆದಳು. ಸುಳ್ಳು ಹೇಳಿದರೆ ಮುಖ ನೋಡಬೇಡಿ ಎಂದಿದ್ದವಳಿಗೆ ನಿಜವನ್ನೂ ತಡೆದುಕೊಳ್ಳಲಾಗಲಿಲ್ಲ. ಜಯಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಳುತ್ತ, "ಸುಮ್ಕಿದ್ದಿದ್ರೆ ಆಗ್ತಿರ್ಲಿಲ್ವೇನವ್ವಾ? ಊರೋರ ಮುಂದೆ ನಾನೇ ಕೊಲ್ಲಿಸ್ದೆ ಅಂದಂಗಾಯ್ತಲ್ಲ" ಅಂದಳು. ಅಳಿಯ ಆಗಲೇ ಬಸ್‌ಸ್ಟ್ಯಾಂಡಿನ ಕಡೆ ಹೋಗಿದ್ದ.

ಆ ಸಂಜೆಯ ಬಸ್ಸಿನಲ್ಲಿ ನಾನು ಹಿಂದಿನ ಸೀಟಿಗೆ ಹೋಗಿ ಅಜ್ಜಿಯ ಪಕ್ಕದಲ್ಲಿ ಕುಳಿತೆ. ಇನ್ನು ಯಾರೂ ಬೇಡ ಅನ್ನುವಂತಿರಲಿಲ್ಲ. ಮಗಳು ಅಳಿಯ ಮುಂದಿದ್ದರು, ಹಿಂತಿರುಗಿ ನೋಡಲಿಲ್ಲ. ಬಸ್ಸು ಎತ್ತಿಹಾಕಿದಾಗಲೆಲ್ಲ ಅಜ್ಜಿ ಒಂದು ಕೈಯನ್ನು ನನ್ನ ಹೊಟ್ಟೆಗೆ ಅಡ್ಡ ಹಿಡಿಯುತ್ತಿದ್ದಳು. ಹೊರಗೆ ಬೇಗನೆ ಕತ್ತಲಾಯಿತು. ಹಳೇಬೀಡಿನಲ್ಲಿ ಇಳಿಯುವಾಗ ನನಗೇ ತಡೆಯಲಾಗದೆ, "ಅಜ್ಜಿ, ನೀವು ಹೇಳಿದ್ದರಿಂದ ರಂಗಸ್ವಾಮಿಗೆ ಶಿಕ್ಷೆ ಕಡಿಮೆಯಾಗಬಹುದು" ಎಂದೆ.

"ಅದ್ಕಲ್ಲ ಕಣವ್ವ ನಾ ಹೇಳಿದ್ದು" ಅಂದಳು.

ಸಂಕ್ರಾಂತಿಯ ಆಸುಪಾಸಿನಲ್ಲಿ ನನಗೆ ಗಂಡುಮಗುವಾಯಿತು. ತವರಿನಲ್ಲಿದ್ದಾಗಲೇ ತೀರ್ಪಿನ ಸುದ್ದಿ ಬಂತು. ಬೇಸಿಗೆ ರಜೆಗೆ ಮುಂಚಿನ ಸೆಷನ್ಸ್ ವಾರದಲ್ಲಿ ತೀರ್ಪು ಓದಿದರಂತೆ. ಕೊಲೆಯಲ್ಲ, ಕೊಲ್ಲುವ ಉದ್ದೇಶವಿಲ್ಲದ ಸಾವು ಎಂದು ಆಯಿತು. ತಾಯಿಯ ಮಾತನ್ನು ನಂಬಬಹುದು ಎಂದು ಬರೆದಿದ್ದರು. ಕೆಲವು ವರ್ಷ ಸಜೆ, ಒಳಗಿದ್ದ ದಿನಗಳನ್ನು ಅದರಲ್ಲಿ ಕಳೆದರು. ಅವನನ್ನು ದೂರದ ಜೈಲಿಗೆ ಕಳಿಸಿದರು. ಬೆಂಚ್ ಕ್ಲರ್ಕು ಫೋನಿನಲ್ಲಿ ಇನ್ನೊಂದು ಮಾತೂ ಹೇಳಿದರು. "ಆ ಅಜ್ಜಿ ಜನವರಿ ವಾರಾನೂ ಬಂದಿದ್ರು ಕಣಮ್ಮ, ಫೆಬ್ರವರೀಲೂ ಬಂದಿದ್ರು. ಬರಬೇಕಿಲ್ಲ ಅಂದ್ರೂ ಕೇಳಲ್ಲ. ಬಂದು ಕೂತು ಎದ್ದು ಹೋಗ್ತಾರೆ." ಮಗ ಬರುವ ದಿನ ಅವನ ಮುಖ ನೋಡಲು ಬರುತ್ತಾಳೆ ಎಂದುಕೊಂಡೆ.

ರಜೆ ಮುಗಿದ ಮೇಲೆ ನನಗೆ ಬೇಲೂರಿಗೆ ವರ್ಗವಾಯಿತು. ಮತ್ತೆ ಮಳೆ ಹಿಡಿದಿತ್ತು. ಒಂದು ಬೆಳಿಗ್ಗೆ ಮಗುವನ್ನು ಆಸ್ಪತ್ರೆಗೆ ತೋರಿಸಿಕೊಂಡು ಬೇಲೂರಿನ ಬಸ್‌ಸ್ಟ್ಯಾಂಡಿಗೆ ಬಂದಾಗ ಅಜ್ಜಿ ಅಲ್ಲಿ ಬೆಂಚಿನ ಮೇಲೆ ಕುಳಿತಿದ್ದಳು. ಇನ್ನೂ ಸಣ್ಣಗಾಗಿದ್ದಳು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕಾಲು ನೀವಿದಳು. ಮಾದಿಹಳ್ಳಿ ಬಿಟ್ಟು ಈಗ ಗೆಂಡೆಹಳ್ಳಿಯಲ್ಲಿ ತಂಗಿಯ ಮನೆಯಲ್ಲಿದ್ದೇನೆ ಅಂದಳು. ಜಯಮ್ಮ ಮಾತು ಬಿಟ್ಟಿದ್ದಾಳೆ, ಶೋಭಾ ಎಲ್ಲಿದ್ದಾಳೋ ತಿಳಿಯದು. ಮಗನ ಹತ್ತಿರ ಒಂದು ಸಲ ಹೋಗಿ ಬಂದಳಂತೆ. "ಏನಂದ?" ಎಂದು ಕೇಳಿದೆ. "ಉಂಡ್ಯಾ ಅಂದ. ಊಂ ಅಂದೆ" ಅಂದಳು.

ಸ್ವಲ್ಪ ಹೊತ್ತಿನ ಮೇಲೆ ದನಿ ತಗ್ಗಿಸಿ ಕೇಳಿದಳು. "ಈ ತಿಂಗ್ಳು ಯಾವ ವಾರವ್ವಾ ಅರಸೀಕೆರೆಗೆ ಆ ಜಡ್ಜಮ್ನೋರು ಬರೋದು? ಹೋದ ತಿಂಗ್ಳು ವಾರ ತಪ್ಪೋಗಿ, ಹೋದ್ರೆ ಅವ್ರ ಕೋರ್ಟಿನ ಬಾಗ್ಲು ಹಾಕಿತ್ತು."

"ಅಲ್ಲಿ ನಿಮ್ಮ ಕೇಸು ಮುಗಿದಿದೆಯಲ್ಲಜ್ಜಿ. ರಂಗಸ್ವಾಮಿನೂ ಅಲ್ಲಿಗೆ ಬರಲ್ಲ."

"ಗೊತ್ತು ಕಣವ್ವ."

"ಮತ್ಯಾಕೆ ಹೋಗ್ತೀರಿ?"

ಅವಳು ಮಗುವನ್ನು ನನ್ನ ಕೈಗೆ ಕೊಟ್ಟು ಸೆರಗು ಸರಿ ಮಾಡಿಕೊಂಡಳು. "ಯಾವತ್ತಾರ ಒಂದಿನ ಆಯಮ್ಮ ನನ್ ಹೆಸ್ರೂ ಕೂಗಿಸ್ತಾರೇನೋ ಅಂತ" ಅಂದಳು.

ಸೆಷನ್ಸ್ ವಾರಗಳ ಪಟ್ಟಿ ಬೇಲೂರಿನ ಕೋರ್ಟಿಗೂ ಬಂದಿತ್ತು. ಬರುವ ಸೋಮವಾರದಿಂದ ಎಂದು ಹೇಳಿದೆ.